ಹಳಿಗೂ ಒಂದು ಅಂಕಪಟ್ಟಿ ಬೇಡವೇ?

ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಪಾಠವನ್ನು ನಾನು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. 1956ರಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ರೈಲು ಅಪಘಾತವಾಯಿತು, ರೈಲ್ವೆ ಮಂತ್ರಿಗಳಾಗಿದ್ದ ಶಾಸ್ತ್ರಿಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಮಕ್ಕಳೂ ಸೊಗಸಾಗಿ ಬರೆಯುತ್ತಾರೆ. ಆದರೆ ಆ ಅಪಘಾತ ಏಕಾಯಿತು ಎಂಬುದು ನಾನು ಕಲಿಸಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನವೆಂಬರ್ ತಿಂಗಳ ಮಳೆಗೆ ಮರುದೈಯಾರು ಹೊಳೆ ಉಕ್ಕಿತ್ತು, ಹಳಿಯ ಕೆಳಗಿನ ಆಸರೆ ಕೊಚ್ಚಿಹೋಗಿತ್ತು, ಕತ್ತಲಲ್ಲಿ ತೂತ್ತುಕುಡಿ ಎಕ್ಸ್‌ಪ್ರೆಸ್ ಅದರ ಮೇಲೆ ಬಂತು. ನೂರ ನಲವತ್ತಕ್ಕೂ ಹೆಚ್ಚು ಜನ ಸತ್ತರು. ರಾಜೀನಾಮೆ ನಮಗೆ ಪಾಠವಾಯಿತು, ಹಳಿ ಆಗಲಿಲ್ಲ.

ನಮ್ಮ ದೇಶದ ಜಾಯಮಾನವೇ ಹೀಗೆ ಎಂದು ನನಗೆ ಅನಿಸಿಬಿಟ್ಟಿದೆ. ಹೊಸದಕ್ಕೆ ಹಾರ, ಬಿದ್ದದ್ದಕ್ಕೆ ಕಣ್ಣೀರು. ನಡುವೆ ಇರುವ ಕೆಲಸ, ಅಂದರೆ ದಿನಾ ನೋಡುವುದು, ಉಜ್ಜುವುದು, ಬಿಗಿ ಮಾಡುವುದು, ಅದಕ್ಕೆ ಏನೂ ಇಲ್ಲ. ಹೆಂಗಸರಾದ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಗೃಹಪ್ರವೇಶದ ದಿನ ಯಜಮಾನರ ಫೋಟೋ. ಆಮೇಲೆ ಮೂವತ್ತು ವರ್ಷ ಆ ಮನೆಯ ಮೋರಿ ಕಟ್ಟದಂತೆ, ಸೂರು ಸೋರದಂತೆ, ಗೆದ್ದಲು ಹತ್ತದಂತೆ ನೋಡಿಕೊಂಡವಳ ಫೋಟೋ ಯಾರ ಮನೆಯ ಗೋಡೆಯ ಮೇಲಿದೆ?

2023ರ ಮಾರ್ಚಿಯಲ್ಲಿ ಹುಬ್ಬಳ್ಳಿಯಲ್ಲಿ ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರಂ ಉದ್ಘಾಟನೆಯಾಯಿತು, 1507 ಮೀಟರು. ಅದೇ ಜೂನಿನಲ್ಲಿ ಬೆಂಗಳೂರಿನಿಂದ ಧಾರವಾಡಕ್ಕೆ ವಂದೇ ಭಾರತ್ ಓಡಿತು. ಎರಡಕ್ಕೂ ಹೂವು, ಬಾವುಟ, ಟಿವಿ. ನನಗೂ ಸಂತೋಷವೇ, ಹುಬ್ಬಳ್ಳಿ ನನ್ನ ತೌರಿನ ಕಡೆಯ ಊರು. ಆದರೆ ಇಂಥ ಕಡೆ ಇಷ್ಟು ಕಿಲೋಮೀಟರು ಹಳಿಯ ಕೆಳಗಿನ ಜಲ್ಲಿಯನ್ನು ಹೊರತೆಗೆದು, ಜರಡಿ ಹಿಡಿದು, ಮಣ್ಣು ತೆಗೆದು ಮತ್ತೆ ತುಂಬಿದೆವು ಎಂದು ಯಾವ ಮಂತ್ರಿಗಳಾದರೂ ಕಲ್ಲು ನೆಟ್ಟದ್ದನ್ನು ನೀವು ನೋಡಿದ್ದೀರಾ? ಆ ಜಲ್ಲಿಯಲ್ಲಿ ಮಣ್ಣು ತುಂಬಿದರೆ ಮಳೆನೀರು ಇಳಿಯುವುದಿಲ್ಲ. ನೀರು ನಿಂತ ಕಡೆ ರೈಲು ಹೋದಾಗಲೆಲ್ಲ ಸ್ಲೀಪರಿನ ಅಡಿಯಿಂದ ಕೆಸರು ಉಕ್ಕುತ್ತದೆ, ಹಳಿ ಅಲ್ಲಿ ತಗ್ಗುತ್ತದೆ, ತಗ್ಗಿದಲ್ಲಿ ಪೆಟ್ಟು ಹೆಚ್ಚು, ಪೆಟ್ಟು ಹೆಚ್ಚಿದಂತೆ ತಗ್ಗು ಹೆಚ್ಚು. ಬಚ್ಚಲ ಮನೆಯ ಒಂದು ಸಡಿಲ ಕಲ್ಲು ಇಡೀ ನೆಲವನ್ನು ಹೇಗೆ ಕೆಡಿಸುತ್ತದೆಯೋ ಹಾಗೆ.

ಹಳಿಯ ಆರೋಗ್ಯ ನೋಡುವುದೆಂದರೆ ಏನೆಂದು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮ ಕೈಗೆ ಸಿಗುವ ಪತ್ರಿಕೆಗಳಲ್ಲಿ ಹೊಸ ರೈಲಿನ ಸೀಟಿನ ಬಣ್ಣ ಬರುತ್ತದೆಯೇ ಹೊರತು ಇದು ಬರುವುದಿಲ್ಲ.

ಮೊದಲನೆಯದು ಕಾಲ್ನಡಿಗೆ. ಕೀಮ್ಯಾನ್ ಎಂಬ ಕೆಲಸಗಾರ ದಿನವೂ ತನ್ನ ಪಾಲಿನ ಹಳಿಯ ಮೇಲೆ ನಡೆಯುತ್ತಾನೆ. ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು. ಕೈಯಲ್ಲಿ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟ, ಜೊತೆಗೆ ಪಟಾಕಿ. ಕಂಬಿಯನ್ನು ಸ್ಲೀಪರಿಗೆ ಹಿಡಿದಿಡುವ ಕ್ಲಿಪ್ಪು ಕಳಚಿದೆಯೇ, ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆಯೇ, ಜಲ್ಲಿ ಜಾರಿದೆಯೇ, ಮೋರಿಯ ಬಾಯಿ ಕಟ್ಟಿದೆಯೇ ಎಂದು ನೋಡುತ್ತ ಹೋಗುತ್ತಾನೆ. ಅಪಾಯ ಕಂಡರೆ ಓಡಬೇಕು. 600 ಮೀಟರಿನಲ್ಲಿ ಒಂದು ಪಟಾಕಿ, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರಿಗೊಂದರಂತೆ ಮೂರು ಪಟಾಕಿ ಹಳಿಗೆ ಕಟ್ಟಬೇಕು. ಎಂಜಿನ್ನಿನ ಗಾಲಿ ಅದರ ಮೇಲೆ ಹತ್ತಿದಾಗ ಸಿಡಿದು ಡ್ರೈವರಿಗೆ ಎಚ್ಚರವಾಗುತ್ತದೆ. ಒಂದು ಕಾಲು ಕಿಲೋಮೀಟರು ಜಲ್ಲಿಯ ಮೇಲೆ ಓಡಿ ನೋಡಿ, ಆಗ ತಿಳಿಯುತ್ತದೆ ಆ ಕೆಲಸವೇನೆಂದು. ಮಳೆಗಾಲದಲ್ಲಿ ರಾತ್ರಿ ಗಸ್ತು ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು, ಅದರಲ್ಲಿ 57 ಸುರಂಗ. 2018ರ ಆಗಸ್ಟಿನಲ್ಲಿ ಆ ಗುಡ್ಡಗಳು ಜರಿದು ವಾರಗಟ್ಟಲೆ ರೈಲು ನಿಂತಿತು, 2024ರ ಜುಲೈನಲ್ಲಿ ಯಡಕುಮೇರಿ ಬಳಿ ಹಳಿಯ ಅಡಿಯ ಮಣ್ಣೇ ಜಾರಿ ಮತ್ತೆ ನಿಂತಿತು. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆಂದು ಆ ದಾರಿಯಲ್ಲಿ ಮಲಗಿಕೊಂಡು ಹೋಗುವ ನಾವು, ಲಾಟೀನು ಟಾರ್ಚು ಹಿಡಿದು ಆ ಕಾಡಿನಲ್ಲಿ ನಡೆಯುವವರನ್ನು ನೆನೆಸಿಕೊಂಡದ್ದುಂಟೆ?

ಎರಡನೆಯದು ಅಳತೆ. ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಕಂಬಿಗಳ ನಡುವೆ 1676 ಮಿಲಿಮೀಟರು ಅಂತರ. ಅದು ಹಿಗ್ಗಬಾರದು, ಕುಗ್ಗಬಾರದು. ಎರಡೂ ಕಂಬಿ ಒಂದೇ ಎತ್ತರಕ್ಕಿರಬೇಕು, ತಿರುವಿನಲ್ಲಿ ಮಾತ್ರ ಹೊರಗಿನದು ಲೆಕ್ಕದಷ್ಟು ಎತ್ತರ. ಇವೆಲ್ಲಕ್ಕಿಂತ ಕೆಟ್ಟದ್ದು ತಿರುಚು. ಮಂಚದ ನಾಲ್ಕು ಕಾಲುಗಳಲ್ಲಿ ಒಂದರ ಕೆಳಗೆ ನೆಲ ತಗ್ಗಿದ್ದರೆ ಮಂಚ ಲಟಪಟ ಎನ್ನುವುದಿಲ್ಲವೇ? ಗಾಡಿಯ ಗಾಲಿಗೂ ಹಾಗೆಯೇ. ಒಂದು ಗಾಲಿಯ ಮೇಲೆ ಭಾರ ಬೀಳದೆ ಹೋದರೆ ಅದು ಕಂಬಿಯ ಮೇಲೆ ಹತ್ತಿ ಹೊರಗೆ ಇಳಿಯುತ್ತದೆ. ಇದನ್ನೆಲ್ಲ ಓಡುತ್ತ ಓಡುತ್ತಲೇ ಅಳೆಯುವ ಡಬ್ಬಿಗಳು ರೈಲ್ವೆಯಲ್ಲಿವೆ, ಟ್ರ್ಯಾಕ್ ರೆಕಾರ್ಡಿಂಗ್ ಕಾರ್ ಎನ್ನುತ್ತಾರೆ.

ಮೂರನೆಯದು ನಮಗೆಲ್ಲ ಗೊತ್ತಿರುವಂಥದ್ದೇ. ಬಸುರಿಯರಿಗೆ ಹೊಟ್ಟೆಯ ಮೇಲೆ ಜೆಲ್ಲಿ ಹಚ್ಚಿ ಸ್ಕ್ಯಾನಿಂಗ್ ಮಾಡುವುದಿಲ್ಲವೇ, ಕಿವಿಗೆ ಕೇಳದ ಶಬ್ದ ಕಳಿಸಿ ಅದರ ಮಾರ್ದನಿಯಿಂದ ಒಳಗಿನದನ್ನು ತಿಳಿಯುವುದು, ಅದೇ ಕಂಬಿಗೂ ಇದೆ. ಜೆಲ್ಲಿಯ ಬದಲು ನೀರು, ಅಷ್ಟೇ ವ್ಯತ್ಯಾಸ. ಪುಟ್ಟ ತಳ್ಳುಗಾಡಿಯಲ್ಲಿ ಯಂತ್ರವಿಟ್ಟು ಕಂಬಿಯ ಮೇಲೆ ತಳ್ಳುತ್ತ ಹೋಗುತ್ತಾರೆ. ಮೇಲೆ ಫಳಫಳ ಹೊಳೆಯುವ ಕಂಬಿಯ ಹೊಟ್ಟೆಯೊಳಗೆ ಬಿರುಕಿದ್ದರೆ ಪರದೆಯಲ್ಲಿ ಕಾಣುತ್ತದೆ. ಕಂಡರೆ ಕೆಂಪು ಬಣ್ಣದ ಗುರುತು. ಅತಿ ಕೆಟ್ಟದ್ದಾದರೆ ಮೂರು ದಿನದೊಳಗೆ ಆ ತುಂಡನ್ನೇ ಬದಲಿಸಬೇಕು, ಅಲ್ಲಿಯವರೆಗೆ ರೈಲು ನಿಧಾನ ಹೋಗಬೇಕು ಎಂಬುದು ನಿಯಮ.

ಬಿಸಿಲಿನ ಮಾತನ್ನೂ ಸೇರಿಸಿಬಿಡುತ್ತೇನೆ. ನಮ್ಮ ಬಾಲ್ಯದ ಮೀಟರ್‌ಗೇಜ್ ರೈಲಿನಲ್ಲಿ ಧಡಕ್ ಧಡಕ್ ಎಂಬ ತಾಳವಿತ್ತು, ಕಂಬಿಗಳ ನಡುವೆ ಬಿಟ್ಟ ಸಂದಿನ ಸದ್ದು ಅದು. ಈಗ ಕಂಬಿಗಳನ್ನು ಉದ್ದಕ್ಕೂ ಬೆಸೆದುಬಿಡುತ್ತಾರೆ. ಪ್ರಯಾಣ ಹಗುರ, ಆದರೆ ಉಕ್ಕಿಗೆ ಹಿಗ್ಗುವ ಗುಣ ಹೋಗುವುದಿಲ್ಲವಲ್ಲ. ಬಿಟ್ಟರೆ ಒಂದು ಕಿಲೋಮೀಟರು ಕಂಬಿ 30 ಡಿಗ್ರಿ ಶಾಖಕ್ಕೆ ಮೊಳದ ಮುಕ್ಕಾಲು ಪಾಲು, ಸುಮಾರು 34 ಸೆಂಟಿಮೀಟರು, ಉದ್ದವಾಗುತ್ತದೆ. ಸ್ಲೀಪರು, ಜಲ್ಲಿ, ಕ್ಲಿಪ್ಪು ಸೇರಿ ಅದನ್ನು ಅದುಮಿ ಹಿಡಿದಿವೆ. ಜಲ್ಲಿ ಕಡಿಮೆಯಾದ ಕಡೆ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಹಳಿ ಸೊಟ್ಟಗಾಗುತ್ತದೆ. ಅದಕ್ಕೇ ನಾವೆಲ್ಲ ಫ್ಯಾನಿನ ಕೆಳಗೆ ಮಲಗಿರುವ ಮಧ್ಯಾಹ್ನ ಅವರು ಹಳಿಯ ಮೇಲೆ ನಡೆಯಬೇಕಾಗುತ್ತದೆ.

ಇಷ್ಟೆಲ್ಲ ವ್ಯವಸ್ಥೆ ಇದೆ. ಚೆನ್ನಾಗಿಯೇ ಇದೆ. ನನ್ನ ತಕರಾರು ಇಲ್ಲಿಂದ ಮುಂದಕ್ಕೆ.

ಮಹಾಲೇಖಪಾಲರು, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವರು, ರೈಲು ಹಳಿ ತಪ್ಪುವುದರ ಬಗೆಗೇ ಒಂದು ವರದಿ ಬರೆದು 2022ರ ಡಿಸೆಂಬರಿನಲ್ಲಿ ಸಂಸತ್ತಿಗೆ ಒಪ್ಪಿಸಿದರು. 2017-18ರಿಂದ 2020-21ರವರೆಗಿನ ನಾಲ್ಕು ವರ್ಷದ ಲೆಕ್ಕ. ದೊಡ್ಡ ಅಪಘಾತಗಳು 217, ಅವುಗಳಲ್ಲಿ 163 ಹಳಿ ತಪ್ಪಿದ್ದು. ಮುಕ್ಕಾಲು ಪಾಲು! ಚಿಕ್ಕಪುಟ್ಟವನ್ನೂ ಸೇರಿಸಿ ಹಳಿ ತಪ್ಪಿದ 1129 ಪ್ರಕರಣಗಳ ತನಿಖಾ ವರದಿ ಬಿಡಿಸಿ ನೋಡಿದಾಗ ಎಂಜಿನಿಯರಿಂಗ್ ವಿಭಾಗದ ಕಡೆಯಿಂದ ಎದ್ದು ಕಂಡ ಮೊದಲ ಕಾರಣ ಹಳಿಯ ಪಾಲನೆ ಸರಿಯಿಲ್ಲದ್ದು, 171 ಸಲ. ಇನ್ನು ಆ ಅಳೆಯುವ ಡಬ್ಬಿಯ ಕಥೆ ಕೇಳಿ. ಅದು ಓಡಬೇಕಾದಷ್ಟು ಓಡಲಿಲ್ಲ. ಕೊರತೆ ಕಡಿಮೆಯೆಂದರೆ ಶೇಕಡ 30, ಹೆಚ್ಚೆಂದರೆ ಶೇಕಡ 100. ನೂರಕ್ಕೆ ನೂರು ಕೊರತೆ ಎಂದರೆ ಆ ಕಡೆ ಪರೀಕ್ಷೆಯೇ ನಡೆಯಲಿಲ್ಲ ಎಂದರ್ಥ. ನಾನು ಮೇಡಂ ಆಗಿ ಹೇಳುತ್ತೇನೆ, ಪರೀಕ್ಷೆಯೇ ನಡೆಸದ ಶಾಲೆಯಲ್ಲಿ ಎಲ್ಲ ಮಕ್ಕಳೂ ಪಾಸು. ತಂದೆತಾಯಿಗಳಿಗೆ ಬಹಳ ಸಂತೋಷ. ಏಳನೆಯ ತರಗತಿಯಲ್ಲಿ ಮಗುವಿಗೆ ಭಾಗಾಕಾರ ಬರುವುದಿಲ್ಲ ಎಂದು ಗೊತ್ತಾಗುವವರೆಗೆ.

ಹಣವಿರಲಿಲ್ಲವೇ? ಇತ್ತು. ಅನಿಲ್ ಕಾಕೋಡ್ಕರ್ ಅವರ ಸಮಿತಿ 2012ರಲ್ಲೇ ಐದು ವರ್ಷಕ್ಕೆ ಒಂದು ಲಕ್ಷ ಕೋಟಿ ರೂಪಾಯಿ ಸುರಕ್ಷತೆಗೆ ಬೇಕು ಎಂದಿತ್ತು. 2017ರಲ್ಲಿ ಅಷ್ಟೇ ಮೊತ್ತದ ರಾಷ್ಟ್ರೀಯ ರೈಲು ಸಂರಕ್ಷಾ ಕೋಶವನ್ನು ಸ್ಥಾಪಿಸಿದರು. ಆ ಹುಂಡಿಯಿಂದ ಏನೇನು ಕೊಂಡರು ಎಂಬುದೂ ಸಿಎಜಿ ವರದಿಯಲ್ಲಿದೆ. ಪಿಂಗಾಣಿ ಪಾತ್ರೆ, ಪೀಠೋಪಕರಣ, ಚಳಿಗಾಲದ ಜಾಕೆಟ್ಟು, ಉದ್ಯಾನ, ಕಾಲು ಒತ್ತುವ ಯಂತ್ರ! ಯಾರ ಕಾಲು ಎಂದು ನಾನು ಕೇಳುತ್ತೇನೆ. ದಿನಾ ಜಲ್ಲಿಯ ಮೇಲೆ ನಡೆಯುವವನ ಕಾಲಂತೂ ಆಗಿರಲಾರದು. ಅದೇ ಹೊತ್ತಿನಲ್ಲಿ ಹಳಿ ಬದಲಿಸಲು ಕೊಟ್ಟ ದುಡ್ಡು 2018-19ರ 9607 ಕೋಟಿಯಿಂದ ಮರುವರ್ಷ 7417 ಕೋಟಿಗೆ ಇಳಿಯಿತು. ಮಗಳ ಸ್ಕೂಲ್ ಫೀಜಿಗೆಂದು ಇಟ್ಟ ಡಬ್ಬಿಗೆ ಕೈಹಾಕಿ ಡ್ರಾಯಿಂಗ್ ರೂಮಿಗೆ ಹೂದಾನಿ ತಂದ ಹಾಗೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ದೊಡ್ಡ ಅಪಘಾತಗಳ ಸಂಖ್ಯೆ ಇಳಿದಿದೆ. 2014-15ರಲ್ಲಿ 135 ಇದ್ದದ್ದು 2024-25ರಲ್ಲಿ 31 ಎಂದು ಸರ್ಕಾರವೇ ಹೇಳಿದೆ, ನಾನು ನಂಬುತ್ತೇನೆ. ಹಳಿ ಬದಲಿಸಿದ್ದರಿಂದ, ಕಾವಲಿಲ್ಲದ ಗೇಟುಗಳನ್ನು ತೆಗೆದದ್ದರಿಂದ ಇಳಿದಿದೆ. ಅಂದರೆ ದುಡ್ಡು, ಗಮನ ಎರಡೂ ಕೊಟ್ಟರೆ ಸಾವು ತಪ್ಪುತ್ತದೆ ಎಂದಾಯಿತಲ್ಲ? ಹಾಗಾದರೆ ಕೊಡದೆ ಹೋದ ವರ್ಷಗಳಲ್ಲಿ ಸತ್ತವರ ಬಗ್ಗೆ ಯಾರೂ ಹಣೆಬರಹದ ಮಾತು ಆಡಬೇಡಿ.

ನಮ್ಮಲ್ಲಿ ಮಾತ್ರ ಹೀಗೆಂದು ತಿಳಿಯಬೇಕಿಲ್ಲ. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಎಂಬಲ್ಲಿ 2000ದ ಅಕ್ಟೋಬರ್ 17ರಂದು ಓಡುವ ರೈಲಿನ ಕೆಳಗೆ ಕಂಬಿ ಗಾಜಿನ ಹಾಗೆ ಒಡೆಯಿತು, ಮುನ್ನೂರಕ್ಕೂ ಹೆಚ್ಚು ಚೂರು. ನಾಲ್ವರು ಸತ್ತರು. ಆ ಕಂಬಿಯ ಮೈಯೆಲ್ಲ ಬಿರುಕೆಂದು ಮೊದಲೇ ತಿಳಿದಿತ್ತು. ಬದಲಿ ಕಂಬಿಯನ್ನು ತಂದು ಪಕ್ಕದಲ್ಲೇ ಮಲಗಿಸಿಯೂ ಇದ್ದರು! ಹಾಕಲಿಲ್ಲ, ಅಷ್ಟೇ. ಹಳಿಯ ಒಡೆತನ ಆಗ ಖಾಸಗಿ ಕಂಪೆನಿಯದು, ಪಾಲನೆ ಗುತ್ತಿಗೆದಾರರದು. ಎಲ್ಲವನ್ನೂ ಖಾಸಗಿಗೆ ಕೊಟ್ಟುಬಿಟ್ಟರೆ ನೆಟ್ಟಗಾಗುತ್ತದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ವಾದಿಸುವ ಸಹೋದ್ಯೋಗಿಗಳಿಗೆ ಈ ಕಥೆಯನ್ನು ನಾನು ಆಗಾಗ ಹೇಳುತ್ತಿರುತ್ತೇನೆ. ಪರೀಕ್ಷೆ ಮಾಡಿ ಫಲಿತಾಂಶವನ್ನು ಬೀರುವಿನಲ್ಲಿ ಇಟ್ಟರೆ ಪರೀಕ್ಷೆ ಮಾಡದಿದ್ದಂತೆಯೇ. ಪಂಜಾಬಿನ ಖನ್ನಾದಲ್ಲಿ 1998ರ ನವೆಂಬರ್ 26ರಂದು ಮುರಿದ ಕಂಬಿಯಿಂದ ಫ್ರಾಂಟಿಯರ್ ಮೇಲ್ ಹಳಿ ತಪ್ಪಿತು, ಎದುರಿನಿಂದ ಬಂದ ರೈಲು ಅದಕ್ಕೆ ಅಪ್ಪಳಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಿದ್ದೆಯಲ್ಲಿದ್ದವರು.

ಈಗ ನಮ್ಮ ನಮ್ಮೊಳಗಿನ ಮಾತಿಗೆ ಬರುತ್ತೇನೆ. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಬೆಂಗಳೂರು-ಹುಬ್ಬಳ್ಳಿ ಮಾರ್ಗದ ಊರು ನಮ್ಮದು. ಇಲ್ಲಿನ ಮಹಿಳಾ ಸಮಾಜದಿಂದ, ಪ್ರಯಾಣಿಕರ ಸಂಘದಿಂದ ಮೇಲಿಂದ ಮೇಲೆ ಮನವಿ ಹೋಗುತ್ತದೆ. ಈ ರೈಲು ನಿಲ್ಲಬೇಕು, ಆ ರೈಲು ಬೇಗ ಬರಬೇಕು, ಇನ್ನೊಂದು ರೈಲು ಹೊಸದಾಗಿ ಬೇಕು. ಹಳಿ ದುರಸ್ತಿಗೆಂದು ಎರಡು ಗಂಟೆ ರೈಲು ನಿಲ್ಲಿಸಿದರೆ ಫೋನಿನಲ್ಲಿ ಬೈಗುಳದ ಮಳೆ. ‘ಹಗಲು ಹೊತ್ತಿನಲ್ಲೇ ಮಾಡಬೇಕೇ ಇವರಿಗೆ?’ ಎಂದು ನಮ್ಮ ಪಕ್ಕದ ಮನೆಯವರು ಸ್ಟೇಷನ್ನಿನಲ್ಲಿ ಕೂಗಾಡಿದ್ದನ್ನು ನಾನೇ ಕೇಳಿದ್ದೇನೆ. ಒಲೆ ಉರಿಯುತ್ತಿರುವಾಗಲೇ ಬರ್ನರು ಬಿಚ್ಚಿ ತೊಳೆ ಎಂದು ನಮಗೆ ಯಾರಾದರೂ ಹೇಳಿದರೆ ಏನೆನ್ನುತ್ತೇವೆ? ಹಳಿ ಖಾಲಿ ಇದ್ದರೆ ತಾನೇ ರಿಪೇರಿ. ಈ ಖಾಲಿ ಸಮಯವನ್ನು ರೈಲ್ವೆಯಲ್ಲಿ ಬ್ಲಾಕ್ ಎನ್ನುತ್ತಾರೆ. ಕೋಟಿಗಟ್ಟಲೆ ಬೆಲೆಯ ದುರಸ್ತಿ ಯಂತ್ರಗಳು ಸುಮ್ಮನೆ ನಿಂತದ್ದೇಕೆಂದು ಕೇಳಿದಾಗ, ರೈಲು ಓಡಿಸುವ ವಿಭಾಗ ಬ್ಲಾಕ್ ಕೊಡಲಿಲ್ಲ ಎಂಬುದೇ ದೊಡ್ಡ ಕಾರಣವಾಗಿ ಅದೇ ಸಿಎಜಿ ವರದಿಯಲ್ಲಿ ಬಂದಿದೆ.

ಬ್ಲಾಕ್ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರಪ್ರದೇಶದ ಖತೌಲಿ ಇದೆ. 2017ರ ಆಗಸ್ಟ್ 19ರ ಸಂಜೆ. ಕತ್ತರಿಸಿದ ಕಂಬಿಯನ್ನು ಇನ್ನೂ ಬೆಸೆದಿರಲಿಲ್ಲ. ಕೆಲಸಕ್ಕೆ ಕೇಳಿದ ಸಮಯ ಸಿಕ್ಕಿರಲಿಲ್ಲ ಎಂಬ ಮಾತು ಆಮೇಲೆ ಹೊರಬಂತು. ನಿಧಾನ ಹೋಗು ಎಂಬ ಸೂಚನೆಯಿಲ್ಲದೆ ಪುರಿಯಿಂದ ಹರಿದ್ವಾರಕ್ಕೆ ಹೋಗುತ್ತಿದ್ದ ಉತ್ಕಲ ಎಕ್ಸ್‌ಪ್ರೆಸ್ ಪೂರ್ತಿ ವೇಗದಲ್ಲಿ ಬಂದು ಮನೆಗಳ ಮೇಲೆ ಮಗುಚಿತು. ಇಪ್ಪತ್ತಕ್ಕೂ ಹೆಚ್ಚು ಸಾವು, ಬಹಳ ಮಂದಿ ಯಾತ್ರಿಕರು. ರೈಲ್ವೆ ಮಂಡಳಿಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು, ದೊಡ್ಡ ಅಧಿಕಾರಿಗಳಿಗೆ ರಜೆ, ಕೆಳಗಿನವರಿಗೆ ವಜಾ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದು. ಆ ಹೊತ್ತು ಬ್ಲಾಕ್ ಕೊಟ್ಟಿದ್ದರೆ ಕೆಲವು ರೈಲುಗಳು ಅರ್ಧ ಗಂಟೆ ತಡವಾಗುತ್ತಿದ್ದವು. ಯಾರೋ ಸ್ಟೇಷನ್ ಮಾಸ್ತರರಿಗೆ ಬೈಯುತ್ತಿದ್ದರು. ಆ ಬೈಗುಳದ ಭಯ ಯಾರು ಹುಟ್ಟಿಸಿದ್ದು? ಸಮಯಪಾಲನೆಯ ಶೇಕಡಾವಾರು ಹಿಡಿದು ಕೂತ ಮೇಲಿನವರು ಎಂದೀರಿ. ಹೌದು. ಅವರ ಜೊತೆಗೆ ನಾವೂ.

ಇನ್ನು ಆ ಕೆಲಸಗಾರರು. ಮೊದಲು ಗ್ಯಾಂಗ್‌ಮನ್ ಎನ್ನುತ್ತಿದ್ದರು, ಆಮೇಲೆ ಟ್ರ್ಯಾಕ್‌ಮನ್, ಈಗ ಟ್ರ್ಯಾಕ್ ಮೇಂಟೇನರ್. ಹೆಸರು ಎರಡು ಸಲ ಬದಲಾಯಿತು, ಸುತ್ತಿಗೆಯ ಭಾರ ಅಷ್ಟೇ ಇದೆ. ಕಾಕೋಡ್ಕರ್ ಸಮಿತಿಯ ವರದಿ ಪ್ರಕಾರ 2007ರಿಂದ 2011ರ ನಡುವಿನ ನಾಲ್ಕೂವರೆ ವರ್ಷದಲ್ಲಿ ಕರ್ತವ್ಯದಲ್ಲಿದ್ದಾಗಲೇ ಸತ್ತ ರೈಲ್ವೆ ನೌಕರರು ಸುಮಾರು 1600. ಪಕ್ಕದ ಹಳಿಯಲ್ಲಿ ಬರುವ ರೈಲಿನ ಸದ್ದು ಯಂತ್ರದ ಗಲಾಟೆಯಲ್ಲಿ ಕೇಳಿಸದೆ ಹೋಗುತ್ತದೆ. ಈಗ ಹೆಂಗಸರೂ ಈ ಕೆಲಸದಲ್ಲಿದ್ದಾರೆ. ಗಂಡನೋ ತಂದೆಯೋ ಸೇವೆಯಲ್ಲಿರುವಾಗ ತೀರಿಕೊಂಡು ಅನುಕಂಪದ ಮೇಲೆ ಕೆಲಸ ಸಿಕ್ಕವರು ಎಷ್ಟೋ ಜನ.

ಅಂಥ ಒಬ್ಬ ತಾಯಿ ನಮ್ಮ ಶಾಲೆಯ ಪೋಷಕರ ಸಭೆಗೆ ಬಂದಿದ್ದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಅಂಗೈ ಎಲ್ಲ ದಡ್ಡು. ಮಗಳು ಓದುವುದರಲ್ಲಿ ಚುರುಕು, ಆದರೆ ‘ತಾಯಿಯ ಉದ್ಯೋಗ’ ಎಂಬಲ್ಲಿ ‘ಗೃಹಿಣಿ’ ಎಂದು ಬರೆದಿದ್ದಳು. ಅದನ್ನು ಕಂಡು ಆಕೆ ನಕ್ಕುಬಿಟ್ಟರು. ‘ಬಿಡಿ ಮೇಡಂ, ಅಲ್ಲೂ ಅದೇ ಕೆಲ್ಸ ತಾನೆ, ಇಲ್ಲೂ ಅದೇ, ಎಲ್ಲ ನೆಟ್ಟಗಿದ್ರೆ ಯಾರೂ ನೋಡಲ್ಲ’ ಎಂದರು. ಎಲ್ಲಕ್ಕಿಂತ ಕಷ್ಟ ಯಾವುದು ಎಂದು ಕೇಳಿದೆ. ಸುತ್ತಿಗೆ ಎನ್ನಬಹುದು ಎಂದುಕೊಂಡಿದ್ದೆ. ‘ಬೆಳಿಗ್ಗೆ ನೀರು ಕುಡಿಯೋದೇ ಬಿಟ್ಟಿದೀನಿ’ ಎಂದರು. ಐದಾರು ಕಿಲೋಮೀಟರು ಬಯಲು, ಒಂದು ಪೊದೆಯಿಲ್ಲ, ಜೊತೆಗಿರುವವರೆಲ್ಲ ಗಂಡಸರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನೀರು ಕುಡಿಯದೆ ನಡೆಯುವ ಹೆಂಗಸಿನ ಕಣ್ಣಿಗೆ ಕೂದಲೆಳೆಯ ಬಿರುಕು ಕಾಣಬೇಕು ಎಂದು ನಾವು ನಿರೀಕ್ಷಿಸುತ್ತೇವೆ. ನಮ್ಮ ಸಮಾಜದ ಮಹಿಳಾ ದಿನಾಚರಣೆಗೆ ಪ್ರತಿವರ್ಷ ಒಬ್ಬ ಸಾಧಕಿಯನ್ನು ಕರೆದು ಶಾಲು ಹೊದಿಸುತ್ತೇವಲ್ಲ, ಈಕೆಯ ಹೆಸರು ಹೇಳಿದಾಗ ಒಬ್ಬರು ‘ಏನು ಸಾಧನೆ?’ ಎಂದರು. ನಾನು ಎದ್ದು ಬಂದೆ.

ಯಂತ್ರ ಬಂದ ಮೇಲೆ ಮನುಷ್ಯರೇಕೆ ಎಂದು ವಾದಿಸುವವರಿದ್ದಾರೆ. ಯಂತ್ರ ಬರಲಿ, ಬೇಕು. ಆದರೆ ಸ್ಕ್ಯಾನಿಂಗ್ ಬಂದಿತೆಂದು ಸೂಲಗಿತ್ತಿಯ ಅನುಭವಿ ಕೈಯನ್ನು ಬೈದು ಕಳಿಸಿದ ಮೇಲೆ ಏನೇನಾಯಿತು ಎಂಬುದನ್ನು ನಾವು ಹೆಂಗಸರು ಬಲ್ಲೆವು. ಅಳೆಯುವ ಡಬ್ಬಿ ತಿಂಗಳುಗಳಿಗೊಮ್ಮೆ ಬರುತ್ತದೆ, ನಿನ್ನೆ ರಾತ್ರಿಯ ಮಳೆಗೆ ಮೋರಿಯ ಪಕ್ಕದ ಮಣ್ಣು ಕುಸಿದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ನನಗೇನು ಬೇಕು? ಪ್ರತಿ ಸ್ಟೇಷನ್ನಿನಲ್ಲೂ, ಟಿಕೇಟು ಕಿಟಕಿಯ ಪಕ್ಕದಲ್ಲಿ, ಕನ್ನಡದಲ್ಲಿ, ಒಂದು ಹಲಗೆ. ಈ ಸ್ಟೇಷನ್ನಿನಿಂದ ಮುಂದಿನ ಜಂಕ್ಷನ್ನಿನವರೆಗಿನ ಹಳಿಯ ಅಂಕಪಟ್ಟಿ. ಅಳೆಯುವ ಡಬ್ಬಿ ಕೊನೆಯ ಸಲ ಬಂದ ದಿನಾಂಕ, ಬರಬೇಕಾಗಿದ್ದ ದಿನಾಂಕ. ಕಂಬಿಯ ಸ್ಕ್ಯಾನಿಂಗ್ ಆದ ದಿನಾಂಕ, ಕೆಂಪು ಗುರುತು ಬಿದ್ದ ಜಾಗಗಳೆಷ್ಟು, ಬದಲಿಸಿದ್ದೆಷ್ಟು. ದುರಸ್ತಿಗೆ ಕೇಳಿದ ಗಂಟೆಗಳೆಷ್ಟು, ಕೊಟ್ಟದ್ದೆಷ್ಟು. ಮಂಜೂರಾದ ಕೆಲಸಗಾರರೆಷ್ಟು, ಖಾಲಿ ಎಷ್ಟು. ಇವೆಲ್ಲ ರೈಲ್ವೆಯ ಕಡತಗಳಲ್ಲಿ ಇರುವ ಲೆಕ್ಕವೇ, ಹೊಸದಾಗಿ ಯಾರೂ ಬರೆಯಬೇಕಾಗಿಲ್ಲ.

ಜನ ಹೆದರುತ್ತಾರೆ, ಗಾಬರಿಯಾಗುತ್ತಾರೆ ಎಂದು ನಿವೃತ್ತ ಅಧಿಕಾರಿಯೊಬ್ಬರು ನನಗೆ ಬುದ್ಧಿ ಹೇಳಿದರು. ನಮ್ಮ ಅಡಿಗೆ ಮನೆಯಲ್ಲಿ ನಿಂತಿರುವ ಗ್ಯಾಸ್ ಸಿಲಿಂಡರಿನ ಕೊರಳ ಪಟ್ಟಿಯ ಒಳಭಾಗ ನೋಡಿ. ಎ, ಬಿ, ಸಿ, ಡಿ ಎಂದು ಒಂದು ಅಕ್ಷರ, ಪಕ್ಕದಲ್ಲಿ ಎರಡು ಅಂಕಿ. ವರ್ಷದ ಯಾವ ಮೂರು ತಿಂಗಳಲ್ಲಿ, ಯಾವ ಇಸವಿಯಲ್ಲಿ ಅದನ್ನು ಮತ್ತೆ ಪರೀಕ್ಷೆಗೆ ಒಯ್ಯಬೇಕು ಎಂಬುದರ ಗುರುತು ಅದು. ದಾಟಿದ್ದರೆ ನಾವು ಒಳಗೆ ಬಿಟ್ಟುಕೊಳ್ಳುವುದಿಲ್ಲ, ವಾಪಸು ಕಳಿಸುತ್ತೇವೆ. ಅದನ್ನು ಓದಿ ಯಾವ ಗೃಹಿಣಿ ಗಾಬರಿಯಾಗಿ ಬೀದಿಗೆ ಓಡಿದ್ದಾಳೆ? ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಕು ಓದುತ್ತೇವೆ, ಮಗುವಿನ ಔಷಧದ ಬಾಟಲಿಯ ಮೇಲೆ ಓದುತ್ತೇವೆ. ಅದೇ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ರಾತ್ರಿಯಿಡೀ ಯಾವುದರ ಮೇಲೆ ಹೋಗುತ್ತೇವೋ ಅದರ ತಾರೀಕು ಮಾತ್ರ ನಮಗೆ ಬೇಡವಂತೆ.

ರೈಲ್ವೆ ಸುರಕ್ಷತಾ ಆಯುಕ್ತರ ದಕ್ಷಿಣ ವೃತ್ತದ ಕಚೇರಿ ಬೆಂಗಳೂರಿನಲ್ಲೇ ಇದೆ. ಅವರು ರೈಲ್ವೆ ಮಂತ್ರಾಲಯದ ಅಧೀನರಲ್ಲ, ವಿಮಾನಯಾನ ಮಂತ್ರಾಲಯದ ಕೆಳಗೆ ಬರುತ್ತಾರೆ, ತನಿಖೆಗೆ ಯಾರ ಹಂಗೂ ಇರಬಾರದೆಂದು. ಮುಂದಿನ ಮನವಿ ಅವರಿಗೂ ಒಂದು ಪ್ರತಿ ಹೋಗಲಿ. ನಿಲುಗಡೆ ಬೇಕೆಂದು ಬರೆಯುವವರು ಬರೆಯಿರಿ, ನಾನೂ ಸಹಿ ಹಾಕುತ್ತೇನೆ, ಆದರೆ ಅದರ ಕೆಳಗೆ ಈ ಹಲಗೆಯ ಬೇಡಿಕೆಯೂ ಇದ್ದರೆ ಮಾತ್ರ. ಹಲಗೆಯ ಕೊನೆಯ ಸಾಲು ಏನಿರಬೇಕೆಂದೂ ನಾನು ಬರೆದಿಟ್ಟಿದ್ದೇನೆ: ಈ ಭಾಗದ ಹಳಿಯ ಮೇಲೆ ಕೆಲಸ ಮಾಡುವ ಹೆಂಗಸರು ಎಷ್ಟು ಜನ, ಅವರಿಗೆ ಶೌಚಾಲಯ ಎಷ್ಟನೆಯ ಕಿಲೋಮೀಟರಿನಲ್ಲಿದೆ.